ಬೆಲೆ ಒಂದೇ, ನೆಲ ಹಲವು: ಕೆನಡಾದ ತೈಲ, ಅನಿಲ ಬಾವಿಗಳ ಮುನ್ಸೂಚನೆಯಲ್ಲಿ ನನ್ನ ಅನುಭವ

ಮುಂದಿನ ವರ್ಷ ಕೆನಡಾದಲ್ಲಿ ಎಷ್ಟು ತೈಲ ಮತ್ತು ಅನಿಲ ಬಾವಿಗಳನ್ನು ಕೊರೆಯುತ್ತಾರೆ? ಪ್ರತಿ ಸಲ ಚಳಿಗಾಲಕ್ಕೆ ಮುಂಚೆ ನಾನು ಉತ್ತರಿಸಬೇಕಾದ ಪ್ರಶ್ನೆ ಇದು. ಬಾವಿಯ ಗೋಡೆ ಕುಸಿಯದಂತೆ ಒಳಗೆ ಇಳಿಸುವ ಉಕ್ಕಿನ ಕೇಸಿಂಗ್ ಕೊಳವೆಗಳನ್ನು ಪೂರೈಸುವವರಿಗೆ ನಾನು ಮುನ್ಸೂಚನೆ ಸಿದ್ಧಪಡಿಸುತ್ತೇನೆ. ಕಾರ್ಖಾನೆಗೆ ಬೇಡಿಕೆ ಸಲ್ಲಿಸಿದ ಮೇಲೆ ಕೊಳವೆ ಕೈಗೆ ಸಿಗಲು ತಿಂಗಳುಗಳೇ ಹಿಡಿಯುತ್ತವೆ. ವಾಯವ್ಯ ಆಲ್ಬರ್ಟಾದ ಗ್ರ್ಯಾಂಡ್ ಪ್ರೇರಿಯ ದಾಸ್ತಾನಿನಲ್ಲಿ ಇರಬೇಕಾದ ಸರಕು ಆಗ್ನೇಯ ಸಸ್ಕ್ಯಾಚುವಾನ್‌ನ ಎಸ್ಟೆವಾನ್‌ನಲ್ಲಿ ಬಿದ್ದಿದ್ದರೆ ಎರಡೂ ಕಡೆ ನಷ್ಟ. ಹಾಗಾಗಿ ಇಡೀ ದೇಶಕ್ಕೆ ಒಂದು ಸಂಖ್ಯೆ ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಯಾವ ಪ್ರದೇಶ, ಯಾವ ವಾರ, ಎಂಥ ಬಾವಿ ಎಂಬುದನ್ನೂ ಹೇಳಲೇಬೇಕು.

ದೇಶದ ಒಟ್ಟು ಸಂಖ್ಯೆಯ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. 2000ದ ದಶಕದ ಮಧ್ಯಭಾಗದಲ್ಲಿ ಕೆನಡಾದಲ್ಲಿ ವರ್ಷಕ್ಕೆ 20,000ಕ್ಕೂ ಹೆಚ್ಚು ಬಾವಿಗಳನ್ನು ಕೊರೆಯುತ್ತಿದ್ದರು. ಅವುಗಳಲ್ಲಿ ದೊಡ್ಡ ಪಾಲು ಮೆಡಿಸಿನ್ ಹ್ಯಾಟ್ ಸುತ್ತಮುತ್ತಲಿನ ಆಗ್ನೇಯ ಆಲ್ಬರ್ಟಾದ ಆಳವಿಲ್ಲದ ಅನಿಲ ಬಾವಿಗಳದ್ದು. ಈಗ ಅದರ ಮೂರನೇ ಒಂದು ಭಾಗವೂ ಇಲ್ಲ. ಆದರೂ ದೇಶದ ತೈಲ ಉತ್ಪಾದನೆ ಏರಿದೆ, ಅನಿಲವೂ ಕುಸಿದಿಲ್ಲ. ಕೆಲಸ ಬೇರೆ ಕಡೆಗೆ ಹೋಯಿತು, ಆಳಕ್ಕೆ ಇಳಿಯಿತು, ಅಡ್ಡಡ್ಡ ಚಾಚಿಕೊಂಡಿತು. ಈ ಮೂರು ಬದಲಾವಣೆಗಳನ್ನೂ ಒಟ್ಟು ಸಂಖ್ಯೆ ಮುಚ್ಚಿಹಾಕುತ್ತದೆ.

ಆದ್ದರಿಂದ ನನ್ನ ಕೆಲಸ ಶುರುವಾಗುವುದು ನಕ್ಷೆಯಿಂದ. ಪಶ್ಚಿಮ ಕೆನಡಾದ ಪ್ರತಿ ಬಾವಿಗೂ ಹಳೆಯ ಭೂಮಾಪನದ ವಿಳಾಸವಿದೆ: ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್, ಅದರೊಳಗೆ 36 ಸೆಕ್ಷನ್‌ಗಳು. ಬ್ರಿಟಿಷ್ ಕೊಲಂಬಿಯಾದ ಕೆಲವು ಭಾಗಗಳಲ್ಲಿ ಮಾತ್ರ ಗುರುತಿಸುವ ಕ್ರಮ ಬೇರೆ. ಉದ್ಯಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಲಯಗಳು ಆಲ್ಬರ್ಟಾವನ್ನು ಏಳಾಗಿ ಒಡೆಯುತ್ತವೆ. ವೆಚ್ಚದ ಅಂದಾಜಿಗೆ ಅವು ಚೆನ್ನಾಗಿವೆ, ನನ್ನ ಕೆಲಸಕ್ಕೆ ಸಾಲವು. ಮಾಂಟ್ನಿ ಶಿಲಾಪದರ ಆಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾದ ಗಡಿಯನ್ನು ಲೆಕ್ಕಿಸದೆ ಚಾಚಿಕೊಂಡಿದೆ. ಲಾಯ್ಡ್‌ಮಿನ್‌ಸ್ಟರ್ ಪಟ್ಟಣವೇ ಆಲ್ಬರ್ಟಾ ಮತ್ತು ಸಸ್ಕ್ಯಾಚುವಾನ್ ನಡುವೆ ಹಂಚಿಹೋಗಿದೆ. ಹಾಗೆಂದು ಗಡಿಯನ್ನು ಅಳಿಸಿಬಿಡಲೂ ಆಗದು, ಏಕೆಂದರೆ ರಾಯಧನವನ್ನೂ ಪರವಾನಗಿಯನ್ನೂ ನಿರ್ಧರಿಸುವುದು ಪ್ರಾಂತ್ಯ ಸರ್ಕಾರ. ಕೊನೆಗೆ ನಾನು ಒಪ್ಪಿಕೊಂಡ ಸೂತ್ರ ಇದು: ಒಂದೇ ಶಿಲಾಪದರ, ಒಂದೇ ಪ್ರಾಂತ್ಯ, ಒಂದೇ ಮಾರುಕಟ್ಟೆ ದರ, ನೆಲಕ್ಕೆ ಒಂದೇ ಬಗೆಯ ದಾರಿ. ಈ ನಾಲ್ಕೂ ಒಂದಾಗುವ ಕಡೆ ಒಂದು ಪ್ರದೇಶ. ನ್ಯೂಫೌಂಡ್‌ಲ್ಯಾಂಡ್‌ನ ಕಡಲ ಬಾವಿಗಳನ್ನು ಮಾದರಿಯೊಳಗೆ ಸೇರಿಸುವುದೇ ಇಲ್ಲ. ಹೈಬರ್ನಿಯಾ, ಹೆಬ್ರಾನ್‌ನಂಥ ಬೆರಳೆಣಿಕೆಯ ಯೋಜನೆಗಳ ಘೋಷಿತ ಕಾರ್ಯಕ್ರಮ ಓದಿದರೆ ಸಾಕು.

ನಾಲ್ಕರಲ್ಲಿ ಮಾರುಕಟ್ಟೆ ದರವನ್ನು ಹಲವರು ಕಡೆಗಣಿಸುತ್ತಾರೆ. ಸುದ್ದಿಯಲ್ಲಿ ಬರುವುದು ಡಬ್ಲ್ಯುಟಿಐ ಎಂಬ ಅಮೆರಿಕದ ಕಚ್ಚಾ ತೈಲದ ದರ. ಆದರೆ ಲಾಯ್ಡ್‌ಮಿನ್‌ಸ್ಟರ್‌ನಲ್ಲಿ ಭಾರವಾದ ತೈಲ ತೆಗೆಯುವವರ ಕೈಸೇರುವುದು ವೆಸ್ಟರ್ನ್ ಕೆನಡಿಯನ್ ಸೆಲೆಕ್ಟ್ ಎಂಬ ಭಾರ ತೈಲದ ದರ, ಅದೂ ಕೆನಡಾ ಡಾಲರಿನಲ್ಲಿ. 2018ರ ಅಕ್ಟೋಬರ್ ಆರಂಭದಲ್ಲಿ ಡಬ್ಲ್ಯುಟಿಐ 75 ಅಮೆರಿಕನ್ ಡಾಲರ್ ದಾಟಿತ್ತು. ಅದೇ ಶರತ್ಕಾಲದಲ್ಲಿ ಕೆನಡಾದ ಭಾರ ತೈಲ ಅದಕ್ಕಿಂತ 40 ಡಾಲರಿಗೂ ಹೆಚ್ಚು ಅಗ್ಗವಾಗಿ ಹೋಯಿತು, ಏಕೆಂದರೆ ಹೊರಗೆ ಸಾಗಿಸಲು ಪೈಪ್‌ಲೈನ್‌ನಲ್ಲಿ ಜಾಗವಿರಲಿಲ್ಲ. 2019ರ ಜನವರಿಯಿಂದ ಆಲ್ಬರ್ಟಾ ಸರ್ಕಾರವೇ ದಿನಕ್ಕೆ 3,25,000 ಬ್ಯಾರಲ್ ಉತ್ಪಾದನೆ ಕಡಿತ ಮಾಡಿಸಿತು. ಅಮೆರಿಕದ ದರವೊಂದನ್ನೇ ನೋಡಿ ಆ ಚಳಿಗಾಲದ ಮುನ್ಸೂಚನೆ ಬರೆದರೆ ರಿಗ್‌ಗಳು, ಅಂದರೆ ಬಾವಿ ಕೊರೆಯುವ ಯಂತ್ರಗಳು, ಹೆಚ್ಚಾಗಬೇಕಿತ್ತು. ನೆಲದ ಮೇಲೆ ಅದಕ್ಕೆ ಕಾರಣವೇ ಇರಲಿಲ್ಲ. ಮುಂದೆ 2024ರ ಮೇ 1ರಂದು ಟ್ರಾನ್ಸ್ ಮೌಂಟನ್ ಪೈಪ್‌ಲೈನ್‌ನ ವಿಸ್ತರಣೆ ಕೆಲಸ ಆರಂಭಿಸಿ, ಆ ಮಾರ್ಗದ ಸಾಮರ್ಥ್ಯ ದಿನಕ್ಕೆ 3 ಲಕ್ಷದಿಂದ 8.9 ಲಕ್ಷ ಬ್ಯಾರಲಿಗೆ ಏರಿದ ಮೇಲೆ ಈ ಅಂತರದ ಸ್ವಭಾವವೇ ಬದಲಾಯಿತು. ಅದಕ್ಕೆ ಮುಂಚಿನ ವರ್ಷಗಳ ದರವ್ಯತ್ಯಾಸಕ್ಕೆ ನನ್ನ ಮಾದರಿಯಲ್ಲಿ ಈಗ ಕಡಿಮೆ ತೂಕ.

ಅನಿಲದ ಕಥೆ ಇನ್ನೂ ಸ್ವಾರಸ್ಯಕರ. ಏಕೊ ಎಂಬ ಆಲ್ಬರ್ಟಾದ ಅನಿಲ ದರ ನೆಲಕಚ್ಚಿದಾಗಲೂ ಮಾಂಟ್ನಿಯಲ್ಲಿ ರಿಗ್‌ಗಳು ನಿಲ್ಲುವುದಿಲ್ಲ. ಅನಿಲದ ಜೊತೆಗೆ ಹೊರಬರುವ ಕಂಡೆನ್ಸೇಟ್ ಎಂಬ ತೆಳು ದ್ರವವೇ ಇದಕ್ಕೆ ಕಾರಣ. ಫೋರ್ಟ್ ಮೆಕ್‌ಮರ್ರಿ ಕಡೆಯ ಬಿಟುಮೆನ್ ಎಂಬ ಡಾಂಬರಿನಂಥ ತೈಲ ಪೈಪ್‌ನಲ್ಲಿ ಹರಿಯಬೇಕಾದರೆ ಅದನ್ನು ತೆಳುಗೊಳಿಸಬೇಕು, ಅದಕ್ಕೆ ಕಂಡೆನ್ಸೇಟ್ ಬೇಕು, ಅದರ ದರ ಕಚ್ಚಾ ತೈಲದ ಹತ್ತಿರವೇ ಇರುತ್ತದೆ. ಹೀಗಾಗಿ ದಾಖಲೆಯಲ್ಲಿ ಅನಿಲ ಬಾವಿ ಎಂದಿರುವುದು ಲೆಕ್ಕಪುಸ್ತಕದಲ್ಲಿ ಬಹುಪಾಲು ತೈಲ ಬಾವಿ. ಮಾಂಟ್ನಿಯ ಕಂಡೆನ್ಸೇಟ್ ಹೆಚ್ಚಿರುವ ಭಾಗವನ್ನೂ ಒಣ ಅನಿಲದ ಭಾಗವನ್ನೂ ಬೇರ್ಪಡಿಸಿದ ದಿನ ನನ್ನ ಲೆಕ್ಕ ಎಷ್ಟೋ ತಿಳಿಯಾಯಿತು. ಒಣ ಅನಿಲದ ಭಾಗ ಏಕೊ ದರಕ್ಕೂ, 2025ರ ಜೂನ್ ಕೊನೆಯಲ್ಲಿ ಕಿಟಿಮಾಟ್‌ನಿಂದ ಮೊದಲ ಹಡಗು ಕಳಿಸಿದ, ಅನಿಲವನ್ನು ದ್ರವವಾಗಿಸಿ ರಫ್ತು ಮಾಡುವ ಎಲ್‌ಎನ್‌ಜಿ ಕೆನಡಾದಂಥ ಹೊಸ ಗಿರಾಕಿಗಳಿಗೂ ಓಗೊಡುತ್ತದೆ. ಇನ್ನೊಂದು ಭಾಗ ಬಿಟುಮೆನ್ ಉತ್ಪಾದನೆಯನ್ನು ಹಿಂಬಾಲಿಸುತ್ತದೆ.

ಇನ್ನು ಏನನ್ನು ಎಣಿಸಬೇಕು ಎಂಬ ವಿಚಾರ. ಬೇಕರ್ ಹ್ಯೂಸ್ ಸಂಸ್ಥೆ ವಾರಕ್ಕೊಮ್ಮೆ ಪ್ರಕಟಿಸುವ ರಿಗ್ ಸಂಖ್ಯೆಯನ್ನೇ ಎಲ್ಲರೂ ನೋಡುತ್ತಾರೆ. ಅದು ಒಳ್ಳೆಯ ಅಳತೆ, ಸಂಶಯವಿಲ್ಲ. ಆದರೆ ರಿಗ್ ಎಂದರೆ ಬಾವಿಯಲ್ಲ, ಬಾವಿ ಎಂದರೆ ಕೊಳವೆಯಲ್ಲ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಇವು ವಿವರಣೆಗೆಂದು ತೆಗೆದುಕೊಂಡ ಸಂಖ್ಯೆಗಳು. ಮಾಂಟ್ನಿಯಲ್ಲಿ 12 ರಿಗ್‌ಗಳು ವರ್ಷಕ್ಕೆ 220 ದಿನ ದುಡಿದು, ಒಂದು ಬಾವಿಗೆ 15 ದಿನ ತೆಗೆದುಕೊಂಡರೆ 176 ಬಾವಿಗಳು. ಸಸ್ಕ್ಯಾಚುವಾನ್‌ನ ಕಿಂಡರ್ಸ್‌ಲಿ ಬಳಿಯ ವೈಕಿಂಗ್ ಪದರದಲ್ಲಿ ಕೇವಲ 2 ರಿಗ್‌ಗಳು ಅಷ್ಟೇ ದಿನ ದುಡಿದು, ಬಾವಿಗೆ 3 ದಿನ ತೆಗೆದುಕೊಂಡರೆ ಸುಮಾರು 147 ಬಾವಿಗಳು. ಬಾವಿಗಳ ಪಟ್ಟಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಾನರು. ಮಾಂಟ್ನಿಯ ಬಾವಿ 5,500 ಮೀಟರ್, ವೈಕಿಂಗ್‌ನದು 1,800 ಮೀಟರ್ ಎಂದಿಟ್ಟುಕೊಂಡರೆ ಒಂದು ಕಡೆ 9.68 ಲಕ್ಷ ಮೀಟರ್, ಇನ್ನೊಂದು ಕಡೆ 2.65 ಲಕ್ಷ ಮೀಟರ್. ಲಾರಿ, ಕೊಳವೆ, ಸಿಮೆಂಟ್ ಎಲ್ಲವೂ ಈ ಕೊನೆಯ ಸಂಖ್ಯೆಯನ್ನು ಅನುಸರಿಸುತ್ತವೆ.

ಮೀಟರ್ ಕೂಡ ಎಲ್ಲ ಕಡೆ ನಂಬಿಕಸ್ಥ ಅಳತೆಯಲ್ಲ. ಆಲ್ಬರ್ಟಾದ ಮಾರ್ಟನ್ ಹಿಲ್ಸ್, ನಿಪಿಸಿ ಕಡೆಯ ಕ್ಲಿಯರ್‌ವಾಟರ್ ಪದರದಲ್ಲಿ ಒಂದೇ ಬಾಯಿಯಿಂದ ಇಳಿದು ಕೆಳಗೆ ಆರೆಂಟು ಕವಲುಗಳಾಗಿ ಹರಡುವಂತೆ ಕೊರೆಯುತ್ತಾರೆ. ಬಂಡೆ ಒಡೆಯಲು ನೀರು, ಮರಳು ನುಗ್ಗಿಸುವ ಅಗತ್ಯವಿಲ್ಲ. ಕವಲುಗಳನ್ನು ಹಾಗೆಯೇ ತೆರೆದು ಬಿಡುತ್ತಾರೆ, ಒಳಗೆ ಉಕ್ಕಿನ ಕೊಳವೆ ಇಳಿಸುವುದಿಲ್ಲ. ಕೊರೆದ ಮೀಟರ್ ಲೆಕ್ಕ ಭರ್ಜರಿಯಾಗಿ ಕಾಣುತ್ತದೆ, ಕೇಸಿಂಗ್ ಬೇಕಾಗುವುದು ಮೇಲಿನ ಭಾಗಕ್ಕೆ ಮಾತ್ರ. ಭಾರ ತೈಲದ ಇತರ ಪದರಗಳಿಗೂ ಈ ವಿಧಾನ ಹಬ್ಬುತ್ತಿದೆ. ಆದ್ದರಿಂದ ನಾನು ಪ್ರತಿ ಪ್ರದೇಶಕ್ಕೂ ಮೂರು ಸಂಖ್ಯೆ ಇಟ್ಟುಕೊಳ್ಳುತ್ತೇನೆ: ದುಡಿಯುವ ರಿಗ್, ಒಂದು ಬಾವಿಗೆ ಹಿಡಿಯುವ ದಿನ, ಒಂದು ಬಾವಿಗೆ ಇಳಿಯುವ ಕೊಳವೆ. ಮೊದಲನೆಯದು ವಾರದಿಂದ ವಾರಕ್ಕೆ ಕುಣಿಯುತ್ತದೆ. ಉಳಿದೆರಡು ನಿಧಾನವಾಗಿ, ಆದರೆ ತಂತಮ್ಮ ದಿಕ್ಕಿಗೆ ಸರಿಯುತ್ತವೆ. ಅವನ್ನು ಬೇರೆಬೇರೆಯಾಗಿ ಅಂದಾಜು ಮಾಡಿ, ರಿಗ್‌ಗಳು ದುಡಿದ ಒಟ್ಟು ದಿನಗಳನ್ನು ಒಂದು ಬಾವಿಗೆ ಹಿಡಿಯುವ ದಿನಗಳಿಂದ ಭಾಗಿಸಿ, ಬಂದದ್ದನ್ನು ಕೊಳವೆಯ ಲೆಕ್ಕದಿಂದ ಗುಣಿಸಬೇಕು.

ಈಗ ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಇಲ್ಲಿ ವರ್ಷವನ್ನು ಆಳುವುದು ಹಿಮ. ಉತ್ತರ ಆಲ್ಬರ್ಟಾದ ಜೌಗು ನೆಲದ ಮೇಲೆ ಬೇಸಿಗೆಯಲ್ಲಿ ರಿಗ್ ಸಾಗಿಸುವುದು ಅಸಾಧ್ಯ. ಚಳಿ ಬಿದ್ದೊಡನೆ ದಾರಿಯ ಮೇಲಿನ ಹಿಮವನ್ನು ಸರಿಸುತ್ತಾರೆ, ಇಲ್ಲವೇ ತುಳಿದು ಗಟ್ಟಿ ಮಾಡುತ್ತಾರೆ, ಏಕೆಂದರೆ ಸಡಿಲ ಹಿಮ ಕಂಬಳಿಯಂತೆ ನೆಲವನ್ನು ಬೆಚ್ಚಗಿಟ್ಟು ಹೆಪ್ಪುಗಟ್ಟಲು ಬಿಡುವುದಿಲ್ಲ. ಆಮೇಲೆ ನೀರು ಸಿಂಪಡಿಸಿ ಪದರಪದರವಾಗಿ ಮಂಜುಗಡ್ಡೆಯ ರಸ್ತೆ ಕಟ್ಟುತ್ತಾರೆ. ಫೆಬ್ರವರಿಯಲ್ಲಿ ರಿಗ್ ಸಂಖ್ಯೆ ಶಿಖರ ಮುಟ್ಟುತ್ತದೆ. ಮಾರ್ಚ್ ಮಧ್ಯದ ಹೊತ್ತಿಗೆ ನೆಲ ಕರಗತೊಡಗಿ ಸ್ಪ್ರಿಂಗ್ ಬ್ರೇಕ್‌ಅಪ್ ಬರುತ್ತದೆ. ಕರಗಿದ ರಸ್ತೆ ಹಾಳಾಗದಂತೆ ಭಾರದ ಮಿತಿ ಹೇರುತ್ತಾರೆ. ಒಂದು ಅಚ್ಚಿಗೆ ಸಾಮಾನ್ಯ ತೂಕದ ಶೇ 75 ಮಾತ್ರ ಎಂದರೆ ರಿಗ್ ಹೊತ್ತ ಲಾರಿ ಇದ್ದಲ್ಲೇ ನಿಲ್ಲಬೇಕು. ಏಪ್ರಿಲ್ ಕೊನೆಗೆ ರಿಗ್ ಸಂಖ್ಯೆ ಶಿಖರದ ಅರ್ಧಕ್ಕೆ, ಕೆಲವು ವರ್ಷ ಅದಕ್ಕೂ ಕೆಳಗೆ ಇಳಿಯುತ್ತದೆ.

ಈ ಏರಿಳಿತವನ್ನು ಕ್ಯಾಲೆಂಡರ್ ವಾರಕ್ಕೆ ಕಟ್ಟಿಹಾಕಿದರೆ ಕೆಡುತ್ತದೆ. ಒಂದು ವರ್ಷ ಕರಗುವಿಕೆ ಎರಡು ವಾರ ಮುಂಚೆ ಬಂದರೆ ಮಾದರಿ ಅದನ್ನು ಬೇಡಿಕೆಯ ಕುಸಿತ ಎಂದು ಓದುತ್ತದೆ. ಆದ್ದರಿಂದ ನಾನು ಪ್ರತಿ ಪ್ರದೇಶದಲ್ಲೂ ಆ ವರ್ಷ ರಸ್ತೆ ಮಿತಿ ಜಾರಿಯಾದ ವಾರವನ್ನು ಶೂನ್ಯ ಎಂದು ಗುರುತಿಸಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ವಾರಗಳನ್ನು ಎಣಿಸುತ್ತೇನೆ. ಹತ್ತಾರು ವರ್ಷಗಳ ರೇಖೆಗಳು ಆಗ ಒಂದರ ಮೇಲೊಂದು ಸರಿಯಾಗಿ ಕೂಡುತ್ತವೆ. ಮುಂದಿನ ವರ್ಷದ ಶೂನ್ಯ ವಾರವನ್ನು ಅಂದಾಜಿಸಲು ಹವಾಮಾನ ಕೇಂದ್ರಗಳ ದೈನಿಕ ತಾಪಮಾನವನ್ನು ಕೂಡಿಸುತ್ತಾ ಹೋಗುತ್ತೇನೆ: ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗೆ, ಎಷ್ಟು ದಿನ. ಎಲ್ಲ ಕಡೆ ಕುಸಿತ ಒಂದೇ ಆಳದ್ದಲ್ಲ. ಮಾಂಟ್ನಿಯಲ್ಲಿ ಒಂದೇ ಅಂಕಣದ, ಅಂದರೆ ಕೊರೆಯಲೆಂದು ಸಮತಟ್ಟು ಮಾಡಿದ ಜಾಗದ, ಮೇಲೆ ಹಲವು ಬಾವಿ ಕೊರೆಯುವುದರಿಂದ ಬೇಕಾದ ಸಾಮಗ್ರಿಯನ್ನು ಮುಂಚೆಯೇ ತಂದು ಪೇರಿಸಿಕೊಂಡು ರಿಗ್ ಓಡಾಡದೆ ಕೆಲಸ ಮುಂದುವರಿಸುತ್ತದೆ. ಹಾಗಾಗಿ ಅಲ್ಲಿ ಕೊಳವೆಯ ಬೇಡಿಕೆ ಬಾವಿಗಿಂತ ಮುಂಚೆ, ಮಾರ್ಚ್ ಆರಂಭದಲ್ಲೇ ಬರುತ್ತದೆ. ಎಸ್ಟೆವಾನ್ ಕಡೆ ಜೂನ್ ಮಳೆ ಜೋರಾದರೆ ಇನ್ನೂ ಕೆಲವು ವಾರ ನಷ್ಟ.

ಬೆಲೆ ರಿಗ್ ಆಗಿ ಪರಿಣಮಿಸುವ ದಾರಿ ಉದ್ದದ್ದು. ಬೆಲೆ ಏರಿದರೆ ಸಂಸ್ಥೆಯ ಕೈಯಲ್ಲಿ ಹಣ ಸೇರುತ್ತದೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಬಜೆಟ್ ಘೋಷಣೆಯಾಗುತ್ತದೆ, ಪರವಾನಗಿ ಬರುತ್ತದೆ, ಕೊರೆಯುವುದು ಅದರ ನಂತರ. ಈ ಸರಪಣಿಯ ಬಲವೂ ಕಾಲಕಾಲಕ್ಕೆ ಬದಲಾಗುತ್ತದೆ. 2014ರ ಫೆಬ್ರವರಿಯಲ್ಲಿ ಕೆನಡಾದಲ್ಲಿ 600ಕ್ಕೂ ಹೆಚ್ಚು ರಿಗ್‌ಗಳು ದುಡಿಯುತ್ತಿದ್ದವು. 2020ರ ಏಪ್ರಿಲ್ 20ರಂದು ಡಬ್ಲ್ಯುಟಿಐ ಮೈನಸ್ 37.63 ಡಾಲರಿಗೆ ಇಳಿಯಿತು, ಆ ಜೂನ್‌ನಲ್ಲಿ ರಿಗ್ ಸಂಖ್ಯೆ 20ಕ್ಕಿಂತ ಕೆಳಗೆ ಹೋಯಿತು. 2022ರಲ್ಲಿ ತೈಲ ಮತ್ತೆ 100 ಡಾಲರ್ ದಾಟಿದರೂ ಮರುವರ್ಷದ ಫೆಬ್ರವರಿಯಲ್ಲಿ ಕಂಡದ್ದು 250ರ ಆಸುಪಾಸು. ರಿಗ್‌ಗಳ ವೇಗ ಹೆಚ್ಚಿದ್ದು ಒಂದು ಕಾರಣ. ಬಂದ ಹಣವನ್ನು ಸಾಲ ತೀರಿಸಲು, ಷೇರುದಾರರಿಗೆ ಹಂಚಲು ಬಳಸಿದ್ದು ಇನ್ನೊಂದು. 2014ಕ್ಕೆ ಮುಂಚಿನ ಸಂಬಂಧವನ್ನು ಇಂದಿಗೆ ಅನ್ವಯಿಸುವ ಯಾವ ಮಾದರಿಯನ್ನೂ ನಾನು ಒಪ್ಪುವುದಿಲ್ಲ.

ಬೆಲೆಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. 2021ರ ಜೂನ್ 29ರಂದು ಬ್ರಿಟಿಷ್ ಕೊಲಂಬಿಯಾದ ಸುಪ್ರೀಂ ಕೋರ್ಟ್ ಬ್ಲೂಬೆರ್ರಿ ರಿವರ್ ಮೂಲನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ದಶಕಗಳಿಂದ ಒಂದರ ಮೇಲೊಂದು ಸೇರಿದ ಕೈಗಾರಿಕಾ ಚಟುವಟಿಕೆ ಅವರ ಒಪ್ಪಂದದ ಹಕ್ಕುಗಳನ್ನು ಉಲ್ಲಂಘಿಸಿದೆ ಎಂಬುದು ತೀರ್ಪಿನ ಸಾರ. ಅದು ನ್ಯಾಯಯುತ ತೀರ್ಪು ಎಂದು ನಾನು ನಂಬುತ್ತೇನೆ. 2023ರ ಜನವರಿಯಲ್ಲಿ ಪ್ರಾಂತ್ಯ ಸರ್ಕಾರದ ಜೊತೆ ಅವರ ಹೊಸ ಒಪ್ಪಂದ ಆಗುವವರೆಗೆ ಆ ಭಾಗದಲ್ಲಿ ಹೊಸ ಪರವಾನಗಿ ಸಿಗುವುದು ಕಷ್ಟವಾಯಿತು. ಅದೇ ಅವಧಿಯಲ್ಲಿ ಬೆಲೆ ಗಗನಕ್ಕೇರಿತ್ತು. ಎರಡೂ ಪ್ರಾಂತ್ಯಗಳಲ್ಲಿ ಜಮೀನು ಹಿಡಿದಿದ್ದವರಿಗೆ ಆಲ್ಬರ್ಟಾ ಕಡೆಗೆ ವಾಲಲು ಕಾರಣ ಸಿಕ್ಕಿತು. ಪ್ರದೇಶಕ್ಕೆ ಪ್ರಾಂತ್ಯದ ಗಡಿ ಇಟ್ಟುಕೊಂಡಿದ್ದರಿಂದಲೇ ಇದು ಮಾದರಿಯಲ್ಲಿ ಕಾಣಿಸಿತು.

ಗಣಿತದ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಕಷ್ಟ ಇರುವುದು ಅಲ್ಲಲ್ಲ. ಮ್ಯಾನಿಟೋಬಾದಂಥ ಕಡೆ ವಾರಕ್ಕೆ ಐದಾರು ರಿಗ್‌ಗಳಿದ್ದಾಗ ಶೇಕಡಾವಾರು ದೋಷಕ್ಕೆ ಅರ್ಥವಿಲ್ಲ. ಒಂದು ರಿಗ್ ಆಚೀಚೆಯಾದರೂ ಅದು ಭೀಕರವಾಗಿ ಕಾಣುತ್ತದೆ. ಅಲ್ಲಿ ಎಣಿಕೆಗೆ ಹೊಂದುವ ಸಂಭವನೀಯತೆಯ ಮಾದರಿ ಬಳಸಿ, ದೋಷವನ್ನು ರಿಗ್‌ಗಳಲ್ಲೇ ಅಳೆಯುತ್ತೇನೆ. ಪ್ರದೇಶಗಳ ಮೊತ್ತವನ್ನೂ ನೇರವಾಗಿ ದೇಶಕ್ಕೆ ಹಾಕಿದ ಅಂದಾಜನ್ನೂ ಎದುರುಬದುರು ಇಟ್ಟು, ಹಿಂದೆ ಯಾವುದು ಎಲ್ಲಿ ಹೆಚ್ಚು ತಪ್ಪಿತ್ತು ಎಂಬುದರ ಮೇಲೆ ಹೊಂದಿಸುತ್ತೇನೆ. ಹಿಂದಿನ ವರ್ಷದ ಅದೇ ವಾರದ ಸಂಖ್ಯೆಯನ್ನೇ ಮುನ್ಸೂಚನೆ ಎಂದುಕೊಂಡರೆ ಬರುವ ದೋಷಕ್ಕಿಂತ ನನ್ನದು ಕಡಿಮೆ ಇರಲೇಬೇಕು, ಇಲ್ಲದಿದ್ದರೆ ಆ ಪ್ರದೇಶದ ಮಾದರಿ ಕಸದ ಬುಟ್ಟಿಗೆ.

ಪರೀಕ್ಷೆಯಲ್ಲಿ ಒಂದು ವಿಷಯಕ್ಕೆ ಮಾತ್ರ ನಾನು ಜಗ್ಗುವುದಿಲ್ಲ. ಬಾವಿಗಳ ದಾಖಲೆಗಳು ತಡವಾಗಿ ತುಂಬಿಕೊಳ್ಳುತ್ತವೆ, ಮತ್ತೆ ತಿದ್ದುಪಡಿಯಾಗುತ್ತವೆ. ಕೊರೆಯಲು ಆರಂಭಿಸಿದ ದಿನಾಂಕ ವಾರಗಳ ನಂತರ ಸೇರುವುದೂ ಉಂಟು. ಇಂದಿನ ಪೂರ್ಣ ದತ್ತಾಂಶ ಹಿಡಿದು ಮೂರು ವರ್ಷ ಹಿಂದಿನ ಮುನ್ಸೂಚನೆಯನ್ನು ಪರೀಕ್ಷಿಸಿದರೆ ಮಾದರಿಗೆ ಅಂದು ಯಾರಿಗೂ ಗೊತ್ತಿರದಿದ್ದ ಸಂಗತಿ ಸಿಕ್ಕಂತಾಗುತ್ತದೆ. ಆದ್ದರಿಂದ ಆಲ್ಬರ್ಟಾ ಎನರ್ಜಿ ರೆಗ್ಯುಲೇಟರ್ ಪ್ರತಿದಿನ ಹೊರಡಿಸುವ ಪರವಾನಗಿ ಮತ್ತು ಕೊರೆತ ಆರಂಭದ ಪಟ್ಟಿಗಳನ್ನು ಅಂದಂದೇ ಇಳಿಸಿ, ತಾರೀಕು ಹಾಕಿ, ಎಂದೂ ತಿದ್ದದೆ ಇಡುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಮಾದರಿ ಕಟ್ಟುವುದಕ್ಕೆ ಮೊದಲು ಈ ಸಂಗ್ರಹ ಶುರು ಮಾಡಬೇಕು. ಕಳೆದುಹೋದ ದಿನದ ಪ್ರತಿಯನ್ನು ಮುಂದೆ ಎಲ್ಲಿಯೂ ಕೊಳ್ಳಲಾಗದು.

ಸಂಖ್ಯೆ ಸಿದ್ಧವಾದ ಮೇಲೆ ರಿಗ್ ಸಾಗಿಸುವ ಲಾರಿಗಳ ಮೇಲ್ವಿಚಾರಕರಿಗೂ ಶಿಬಿರಗಳಿಗೆ ಊಟ, ವಸತಿ ಒದಗಿಸುವವರಿಗೂ ಫೋನ್ ಮಾಡುತ್ತೇನೆ. ಅವರಿಗೆ ಬುಕಿಂಗ್ ಮೊದಲೇ ಬಂದಿರುತ್ತದೆ. ಅವರ ಮಾತು ಮಾದರಿಗೆ ವಿರುದ್ಧವಾಗಿದ್ದರೆ ಕೈಯಾರೆ ತಿದ್ದುತ್ತೇನೆ. ಆದರೆ ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಕಾರಣ, ಅದು ನಿಜವಾದರೆ ಯಾವ ದಾಖಲೆಯಲ್ಲಿ ಕಾಣಬೇಕು, ಎಷ್ಟರೊಳಗೆ ಕಾಣಬೇಕು ಎಂದು ಬರೆದಿಡುತ್ತೇನೆ. ಉದಾಹರಣೆಗೆ, ಫಾಕ್ಸ್ ಕ್ರೀಕ್ ಬಳಿಯ ಡುವರ್ನೇ ಪದರದಲ್ಲಿ ಮೂರು ರಿಗ್ ಹೆಚ್ಚುತ್ತವೆ ಎಂಬ ಮಾತಿಗೆ ನವೆಂಬರ್‌ನಲ್ಲಿ ಬೆಲೆ ಕೊಟ್ಟರೆ, ಒಂದೇ ಅಂಕಣದ ಹಲವು ಬಾವಿಗಳ ಪರವಾನಗಿ ಗೊಂಚಲು ಜನವರಿ ಮೂರನೇ ವಾರದೊಳಗೆ ಪಟ್ಟಿಯಲ್ಲಿ ಬರಬೇಕು. ಬರದಿದ್ದರೆ ಆ ಮೂರು ರಿಗ್‌ಗಳನ್ನು ತೆಗೆದು, ಮಾದರಿ ಹೇಳಿದ ಸಂಖ್ಯೆಯನ್ನೇ ಮತ್ತೆ ಕೂರಿಸಿ, ಗೋದಾಮಿಗೆ ಹೊಸ ಹಾಳೆ ಕಳಿಸುತ್ತೇನೆ.