ಸ್ಯಾಟಲೈಟ್ ಲೈಸೆನ್ಸ್ ಕೇಸಿನಲ್ಲಿ ವಾಯಿದೆ ಕೇಳುವ ಮುನ್ನ

ನಾನು ಪುಣೆಯ ಖರಾಡಿಯಲ್ಲಿ ಕೂತು ಅಮೆರಿಕದ ತಾರೀಕು ಎಣಿಸುವವನು. ಅಲ್ಲಿನ ವಕೀಲರ ಆಫೀಸಿಗೆ ಯಾವ ಕಾಗದ ಯಾವತ್ತು ಹೋಗಬೇಕು ಅಂತ ನೋಡಿಕೊಳ್ಳುವ ಕೆಲಸ. ಹೆಚ್ಚಿನವು ಸ್ಯಾಟಲೈಟ್ ಲೈಸೆನ್ಸಿನ ಕೇಸುಗಳು. ಇಲ್ಲಿನ ಕನ್ನಡ ಸಂಘದಲ್ಲಿ ಪರಿಚಯವಾದ ಎಂಜಿನಿಯರ್ ಹುಡುಗರು ಒಬ್ಬೊಬ್ಬರಾಗಿ ಸಿಯಾಟಲ್, ವರ್ಜೀನಿಯಾ ಕಡೆ ಹೋಗಿದ್ದಾರೆ. ಅವರಿಂದ ವಾಟ್ಸಾಪ್‌ನಲ್ಲಿ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಣ್ಣಾ, ನಮ್ಮ ಅರ್ಜಿಗೆ ಬೇರೆ ಕಂಪನಿ ತಕರಾರು ಹಾಕಿದೆ. ಉತ್ತರಕ್ಕೆ ಹತ್ತೇ ದಿನ ಅಂತೆ. ವಾಯಿದೆ ಸಿಗುತ್ತಲ್ವಾ?"

ಸಿಗಬಹುದು. ಆದರೆ ನಮ್ಮೂರ ಕೋರ್ಟಿನ ವಾಯಿದೆ ತಲೆಯಲ್ಲಿಟ್ಟುಕೊಂಡು ಹೋಗಬೇಡಿ. ಅಮೆರಿಕದಲ್ಲಿ ಸ್ಯಾಟಲೈಟ್ ತರಂಗಗಳಿಗೆ ಲೈಸೆನ್ಸ್ ಕೊಡುವುದು ಎಫ್‌ಸಿಸಿ, ಅಂದರೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್. 2023ರ ಏಪ್ರಿಲ್‌ನಿಂದ ಈ ಅರ್ಜಿಗಳನ್ನು ನೋಡುವುದು ಅದರ ಸ್ಪೇಸ್ ಬ್ಯೂರೋ. ಕೇಳಿದವರಿಗೆಲ್ಲ ಸಮಯ ಕೊಡುವ ರೂಢಿ ನಮ್ಮಲ್ಲಿಲ್ಲ ಅಂತ ಎಫ್‌ಸಿಸಿಯ 1.46ನೇ ನಿಯಮ ಶುರುವಿನಲ್ಲೇ ಹೇಳಿಬಿಡುತ್ತದೆ.

ಮೊದಲು ಎಣಿಕೆ ಸರಿ ಮಾಡಿಕೊಳ್ಳಿ. ಎಷ್ಟೋ ಸಲ ವಾಯಿದೆಯೇ ಬೇಕಾಗುವುದಿಲ್ಲ. ಅರ್ಜಿ ಸ್ವೀಕಾರವಾಯಿತು ಎಂಬ ಪಬ್ಲಿಕ್ ನೋಟಿಸ್ ಬಂದಮೇಲೆ ತಕರಾರು ಹಾಕಲು 30 ದಿನ. ತಕರಾರಿಗೆ ಉತ್ತರ ಕೊಡಲು 10 ದಿನ. ಆ ಉತ್ತರಕ್ಕೆ ಮರುಉತ್ತರ 5 ದಿನದಲ್ಲಿ. ಉದಾಹರಣೆಗೆ ನೋಟಿಸ್ 2025ರ ಜೂನ್ 6, ಶುಕ್ರವಾರ ಬಂತು ಅನ್ನಿ. ಮರುದಿನವೇ ಒಂದನೇ ದಿನ. ಮೂವತ್ತನೇ ದಿನ ಜುಲೈ 6, ಭಾನುವಾರ. ರಜೆ ಬಂದರೆ ಮುಂದಿನ ಕೆಲಸದ ದಿನಕ್ಕೆ ಜಾರುತ್ತದೆ, ಹಾಗಾಗಿ ಸೋಮವಾರ 7. ತಕರಾರು ಅವತ್ತೇ ಬಿದ್ದರೆ ನಿಮ್ಮ ಉತ್ತರ ಗುರುವಾರ 17ಕ್ಕೆ. ಇನ್ನು ಮರುಉತ್ತರ 22ಕ್ಕೆ ಅಂತ ಎಲ್ಲರೂ ಎಣಿಸುತ್ತಾರೆ. ಅಲ್ಲ, 24ಕ್ಕೆ. ಅವಧಿ ಏಳು ದಿನಕ್ಕಿಂತ ಕಡಿಮೆ ಇದ್ದರೆ ನಡುವಿನ ಶನಿವಾರ, ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕೆ ಬರುವುದಿಲ್ಲ. ಸುಮ್ನೆ ಎರಡು ದಿನ ಸಿಕ್ಕಿತಲ್ಲ! ಗಣೇಶ ಚತುರ್ಥಿಗೆ ಪುಣೆಯೇ ಮುಚ್ಚಿದರೂ ಅದು ರಜೆಯಲ್ಲ, ಬಿಡಿ. ಅಲ್ಲಿನ ರಜೆ ಮಾತ್ರ ರಜೆ.

ಅಷ್ಟಾದರೂ ಸಮಯ ಸಾಲದಿದ್ದರೆ ವಾಯಿದೆಗೆ ಅರ್ಜಿ ಹಾಕಿ. ಹೊಸ ನಿಯಮ ರೂಪಿಸುವ ಪ್ರಕರಣದಲ್ಲಾದರೆ ಗಡುವಿಗೆ ಏಳು ದಿನ ಮೊದಲೇ ಕೇಳಬೇಕು. ಲೈಸೆನ್ಸ್ ಪ್ರಕರಣಕ್ಕೆ ಆ ಏಳು ದಿನದ ಕಟ್ಟು ಇಲ್ಲ, ಆದರೆ ಗಡುವಿನ ಒಳಗೆ ಕೇಳಿರಲೇಬೇಕು. ಹಾಗೆ ಕೇಳಿದರೆ ಒಂದು ರಕ್ಷಣೆ ಇದೆ. ಎಫ್‌ಸಿಸಿ ನಿಮ್ಮ ಕೋರಿಕೆಯ ಮೇಲೆ ತೀರ್ಮಾನ ಹೇಳಿ ಎರಡು ಕೆಲಸದ ದಿನ ಆಗುವವರೆಗೆ ಉತ್ತರ ಹಾಕಬೇಕಾಗಿಲ್ಲ. ಇದನ್ನು ಕೇಳಿ ನಿದ್ದೆ ಹೋಗಬೇಡಿ. ಇಲ್ಲ ಅಂದುಬಿಟ್ಟರೆ ನಿಮ್ಮ ಕೈಯಲ್ಲಿರುವುದು ಆ ಎರಡೇ ದಿನ. ಕರಡು ಮೇಜಿನ ಮೇಲೆ ರೆಡಿ ಇರಲಿ.

ಕಾರಣ ಗಟ್ಟಿ ಇರಬೇಕು. ಕ್ರಿಸ್‌ಮಸ್ ನಡುವೆ ಬಂದಿದೆ, ತಕರಾರಿನ ಜೊತೆ ಇಂಟರ್‌ಫಿಯರೆನ್ಸ್ (ಒಬ್ಬರ ತರಂಗ ಇನ್ನೊಬ್ಬರದಕ್ಕೆ ಅಡ್ಡಿಯಾಗುವುದು) ಲೆಕ್ಕದ ನೂರು ಪುಟ ಬಂದಿದೆ, ಎದುರು ಕಂಪನಿಯೂ ಒಪ್ಪಿದೆ, ಇಂಥವು ಹೇಳಬಹುದು. ಎಂಜಿನಿಯರ್ ಊರಿಗೆ ಹೋಗಿದ್ದಾನೆ ಅಂದರೆ ನಗುತ್ತಾರೆ. ಕೇಳುವುದೂ ಕಡಿಮೆ ಕೇಳಿ, ಒಂದು ವಾರ ಸಾಕು.

ಎದುರು ಕಂಪನಿ ಖುಷಿಯಿಂದ ಒಪ್ಪಿತಾ? ಹಾಗಾದರೆ ಒಂದು ನಿಮಿಷ ಯೋಚಿಸಿ. ಲೈಸೆನ್ಸ್ ಬೇಕಾಗಿರುವುದು ನಿಮಗೆ. ಒಂದೊಂದು ವಾರ ಮುಂದೆ ಹೋದಷ್ಟೂ ತಕರಾರು ಹಾಕಿದವನಿಗೇ ಲಾಭ. ಹಾಗಾಗಿ ಅರ್ಜಿದಾರರ ಕಡೆಯವರಿಗೆ ನಾನು ಹೇಳುವುದು: ಹತ್ತು ದಿನದಲ್ಲಿ ಆದಷ್ಟು ಬರೆದು ಹಾಕಿ. ಪ್ರಕರಣವನ್ನು "ಪರ್ಮಿಟ್ ಬಟ್ ಡಿಸ್‌ಕ್ಲೋಸ್" (ಎಫ್‌ಸಿಸಿ ಜೊತೆ ನೇರ ಮಾತಾಡಬಹುದು, ಆದರೆ ಅದನ್ನು ಬಹಿರಂಗಪಡಿಸಬೇಕು) ಅಂತ ಗುರುತಿಸಿದ್ದರೆ, ಉಳಿದ ಮಾತನ್ನು ಆಮೇಲೆ ಪತ್ರ ಬರೆದು ದಾಖಲೆಗೆ ಸೇರಿಸಬಹುದು.

ಕೆಲವು ಗಡುವುಗಳ ಹತ್ತಿರ ಈ ಆಟ ನಡೆಯುವುದಿಲ್ಲ. ತೀರ್ಪು ಮರುಪರಿಶೀಲಿಸಿ ಎಂದು ಕೇಳಲು ಇರುವ 30 ದಿನ ಕಾಯ್ದೆಯಲ್ಲೇ ಬರೆದದ್ದು. ಇನ್ನು ಸ್ಯಾಟಲೈಟ್ ಹಾರಿಸುವ ಗಡುವು ಬೇರೆಯೇ ವಿಷಯ. ಅಮೆಜಾನ್‌ನ ಸ್ಯಾಟಲೈಟ್ ಇಂಟರ್‌ನೆಟ್ ಯೋಜನೆ ಕೈಪರ್‌ಗೆ 2020ರ ಜುಲೈ 30ರಂದು 3,236 ಸ್ಯಾಟಲೈಟ್‌ಗಳಿಗೆ ಅನುಮತಿ ಸಿಕ್ಕಿತು, ಅರ್ಧದಷ್ಟನ್ನು 2026ರ ಜುಲೈ 30ರೊಳಗೆ ಹಾರಿಸಬೇಕೆಂಬ ಷರತ್ತಿನ ಮೇಲೆ. ಅಂಥದ್ದನ್ನು ಮುಂದೂಡಲು 1.46 ಸಾಲದು. ಲೈಸೆನ್ಸನ್ನೇ ತಿದ್ದಿಸಬೇಕು, ಕೈಮೀರಿದ ಕಾರಣವನ್ನೋ ಅಪರೂಪದ ಸಾರ್ವಜನಿಕ ಹಿತವನ್ನೋ ವಿವರವಾಗಿ ತೋರಿಸಬೇಕು.

ನಮ್ಮ ಕೈಯಲ್ಲೂ ಒಮ್ಮೆ ಎಡವಟ್ಟಾಗಿದೆ. ಆನ್‌ಲೈನ್ ಫೈಲಿಂಗ್‌ಗೆ ವಾಷಿಂಗ್ಟನ್‌ನ ಮಧ್ಯರಾತ್ರಿ ಕೊನೆ. ಚಳಿಗಾಲದಲ್ಲಿ ಅದು ನಮ್ಮ ಬೆಳಗಿನ ಹತ್ತೂವರೆ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಮುಂದೆ ತಿರುಗಿಸುತ್ತಾರೆ, ನಮಗೆ ಒಂಬತ್ತೂವರೆ ಆಗುತ್ತದೆ. ಆ ಸೋಮವಾರದ ಗಡುವನ್ನು ಹಳೇ ಲೆಕ್ಕದಲ್ಲೇ ಇಟ್ಟುಕೊಂಡು ಮಂಗಳವಾರ ಬೆಳಿಗ್ಗೆ ಆರಾಮಾಗಿ ಚಹಾ ಕುಡಿದು, ಒಂಬತ್ತೂ ಮುಕ್ಕಾಲಿಗೆ ಬಟನ್ ಒತ್ತಿದೆವು. ಹದಿನೈದು ನಿಮಿಷ ತಡ. ತಡವಾದದ್ದನ್ನು ಸ್ವೀಕರಿಸಿ ಎಂದು ಇನ್ನೊಂದು ಕೋರಿಕೆ, ಎದುರು ವಕೀಲರಿಗೆ, ಬ್ಯೂರೋ ಸಿಬ್ಬಂದಿಗೆ ಫೋನು. ಯಾರೂ ಆಕ್ಷೇಪಿಸಲಿಲ್ಲ, ಬಚಾವಾದೆವು. ಈಗ ನಮ್ಮ ಗೋಡೆ ಮೇಲೆ ಎರಡು ಗಡಿಯಾರ ಇವೆ.

ಇನ್ನೊಂದು ಮಾತು. ಈ 30, 10, 5 ಎಲ್ಲ ಎಫ್‌ಸಿಸಿಯ ಸ್ಯಾಟಲೈಟ್ ನಿಯಮಗಳಿರುವ ಪಾರ್ಟ್ 25ರ ಲೆಕ್ಕ. ಅದನ್ನು ತೆಗೆದು ಪಾರ್ಟ್ 100 ತರುವ ಪ್ರಸ್ತಾಪವನ್ನು ಎಫ್‌ಸಿಸಿ 2025ರ ಅಕ್ಟೋಬರ್‌ನಲ್ಲಿ ಮುಂದಿಟ್ಟಿತು. ನನ್ನ ಅಂಕಿ ಬಾಯಿಪಾಠ ಮಾಡದೆ ನಿಮ್ಮ ಕೇಸಿನ ಪಬ್ಲಿಕ್ ನೋಟಿಸ್ ತೆಗೆದು ಅದರಲ್ಲಿರುವ ತಾರೀಕು ನೋಡಿ. ಆಮೇಲೆ ನನಗೆ ಮೆಸೇಜ್ ಹಾಕಿ.