ವಿಬಿಎಯಲ್ಲಿ ಪ್ರತಿ ವೇರಿಯಬಲ್‌ಗೂ ಟೈಪ್ ಬರೆಯಿರಿ
ಎಕ್ಸೆಲ್ ಮ್ಯಾಕ್ರೋ ಬರೆಯುವ ಭಾಷೆ ವಿಬಿಎ. ಅದರಲ್ಲಿ ವೇರಿಯಬಲ್ (ಮೌಲ್ಯ ಇಡುವ ಹೆಸರು) ಘೋಷಿಸುವಾಗ ‘ಡಿಮ್ ಸಾಲು, ಕಾಲಂ, ಮೊತ್ತ ಆ್ಯಸ್ ಲಾಂಗ್’ ಅಂತ ಒಂದೇ ಸಲ ಬರೆಯಬೇಡಿ. ಒಂದೊಂದಕ್ಕೂ ‘ಆ್ಯಸ್ ಲಾಂಗ್’ ಸೇರಿಸಿ; ಲಾಂಗ್ ಅಂದರೆ ದೊಡ್ಡ ಪೂರ್ಣಾಂಕದ ಟೈಪ್. ಯಾಕಂದ್ರೆ ವಿಬಿಎಯಲ್ಲಿ ಟೈಪ್ ಅಂಟಿಕೊಳ್ಳುವುದು ಅದರ ಪಕ್ಕದ ಹೆಸರಿಗೆ ಮಾತ್ರ. ಇಲ್ಲಿ ಮೊತ್ತ ಒಂದೇ ಲಾಂಗ್, ಉಳಿದೆರಡೂ ವೇರಿಯಂಟ್, ಅಂದರೆ ಯಾವ ಬಗೆಯ ಮೌಲ್ಯವನ್ನೂ ಇಟ್ಟುಕೊಳ್ಳುವ ಟೈಪ್. ಸುಮ್ನೆ ನಡೆದುಹೋಗುತ್ತದೆ, ಎರರ್ ಬರುವುದಿಲ್ಲ. ಆದರೆ ಲಾಂಗ್ ಕೇಳುವ ಬೇರೆ ಪ್ರೊಸೀಜರ್‌ಗೆ ‘ಸಾಲು’ ವೇರಿಯಬಲ್ ಅನ್ನು ಬೈರೆಫ್ ಆಗಿ (ನಕಲಲ್ಲ, ಮೂಲವನ್ನೇ) ಕಳಿಸಿದಾಗ ‘ಟೈಪ್ ಮಿಸ್‌ಮ್ಯಾಚ್’ ಅಂತ ನಿಲ್ಲುತ್ತದೆ. ಶೀಟ್‌ನ ಸಾಲು ಎಣಿಸಲು ಇಂಟಿಜರ್ (ಚಿಕ್ಕ ಪೂರ್ಣಾಂಕದ ಟೈಪ್) ಬೇಡವೇ ಬೇಡ: ಅದು 32,767ಕ್ಕೆ ಮುಗಿಯುತ್ತದೆ, ಶೀಟ್‌ನಲ್ಲಿ ಇರುವುದು 10,48,576 ಸಾಲು. ಹಾಗಂತ ಎಲ್ಲದಕ್ಕೂ ಲಾಂಗ್ ಹಾಕಿದರೂ ಕೈಕೊಡುತ್ತದೆ. ಅದರ ಮಿತಿ 2,14,74,83,647. ನಮ್ಮ 10 ಅಂಕಿಯ ಮೊಬೈಲ್ ನಂಬರ್ 6ರಿಂದ 9ರೊಳಗೆ ಶುರುವಾಗುತ್ತದಲ್ವಾ, ಅದು ಹಿಡಿಸುವುದೇ ಇಲ್ಲ, ‘ಓವರ್‌ಫ್ಲೋ’ ಬರುತ್ತದೆ. ಫೋನ್ ನಂಬರ್, ಪಿನ್‌ಕೋಡ್ ಇವನ್ನೆಲ್ಲ ಕೂಡಿ ಕಳೆಯುವುದಿಲ್ಲ, ಸ್ಟ್ರಿಂಗ್ (ಪಠ್ಯದ ಟೈಪ್) ಮಾಡಿಬಿಡಿ. ಇನ್ನೊಂದು ಮಾತು, ಈ ಸಲಹೆ ವಿಬಿಎಗೆ ಮಾತ್ರ. ಇದರ ಸೋದರ ಭಾಷೆ ವಿಬಿಸ್ಕ್ರಿಪ್ಟ್‌ನಲ್ಲಿ ‘ಆ್ಯಸ್’ ಬರೆದರೆ ಎರರ್, ಅಲ್ಲಿ ಎಲ್ಲವೂ ವೇರಿಯಂಟೇ. ಇನ್ನೊಂದು ಸೋದರ ಭಾಷೆ ವಿಬಿ ಡಾಟ್‌ನೆಟ್‌ನಲ್ಲಾದರೆ ಕೊನೆಯ ಟೈಪ್ ಎಲ್ಲ ಹೆಸರಿಗೂ ಅನ್ವಯಿಸುತ್ತದೆ.