ಗೋಡೆಗೆ ಕೌದಿ ಹೊದಿಸಿದೆ, ಡಗ್ಗಾ ಗುಂಯ್‌ಗುಡುವುದು ನಿಂತಿತು

ಫರಸಿ ಹಾಸುಗಲ್ಲಿನ ನೆಲ, ಫರಸಿಯದೇ ಮಾಳಿಗೆ, ಕಲ್ಲಿನ ಗೋಡೆ. ಇಂಥ ಕೋಣೆಯಲ್ಲಿ ಎಲ್‌ಪಿ ರೆಕಾರ್ಡ್ ಹಾಕಿ ಕೇಳುವುದೂ ಒಂದೇ, ಬಾವಿಯೊಳಗೆ ಕುಳಿತು ಕೇಳುವುದೂ ಒಂದೇ ಎಂದು ನನಗೆ ಹೇಳದವರಿಲ್ಲ. ಹೈದರಾಬಾದಿನ ಅಂಗಡಿಯವರು ಹೇಳಿದರು, ಸೊಲ್ಲಾಪುರದ ಗೆಳೆಯ ಹೇಳಿದ, ಇಲ್ಲೇ ಕಲಬುರಗಿಯಲ್ಲಿ ನನ್ನೊಂದಿಗೆ ರೆಕಾರ್ಡ್ ಅದಲುಬದಲು ಮಾಡುವವರೂ ಹೇಳಿದರು. ಈಗ ಅವರಲ್ಲಿ ಅರ್ಧದಷ್ಟು ಜನ ಭಾನುವಾರ ಸಂಜೆ ನಮ್ಮ ಮನೆಯಲ್ಲೇ ಇರುತ್ತಾರೆ, ಎರಡನೆಯ ಸಲದ ಚಹಾ ಕೂಡ ಕೇಳುತ್ತಾರೆ. ಹೇಗೆ ಮಾಡಿದೆ ಎಂದು ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೋಣೆ ಸುಮಾರು 12 ಅಡಿಗೆ 14 ಅಡಿ, ಎತ್ತರ 10 ಅಡಿ. ಮಾಳಿಗೆ ಕಬ್ಬಿಣದ ಗರ್ಡರ್ ಮೇಲೆ ಕೂರಿಸಿದ ಶಹಾಬಾದ್ ಫರಸಿ, ನೆಲವೂ ಅದೇ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಖಣಿಗಳು ಹತ್ತಿರ ಇದ್ದ ಕಾರಣ ನಮ್ಮ ಹಿರಿಯರು ಮನೆಯ ತುಂಬ ಸುಣ್ಣಕಲ್ಲನ್ನೇ ಹಾಸಿದರು. ಬೇಸಿಗೆಗೆ ತಂಪು, ಅದರಲ್ಲಿ ತಕರಾರಿಲ್ಲ. ಆದರೆ ಚಪ್ಪಾಳೆ ತಟ್ಟಿದರೆ ನೆಲಕ್ಕೂ ಮಾಳಿಗೆಗೂ ನಡುವೆ ಠಣಠಣ ಎಂದು ಓಡಾಡಿ ಬಹಳ ಹೊತ್ತಿನ ಮೇಲೆ ಸಾಯುತ್ತಿತ್ತು. ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ ಹಳೆಯ ಟೆಕ್ನಿಕ್ಸ್, ಮುಳ್ಳು ಹಿಡಿಯುವ ಕಾರ್ಟ್ರಿಡ್ಜ್ ಆಡಿಯೋ-ಟೆಕ್ನಿಕಾ ವಿಎಂ95ಇ, ಮುಳ್ಳನ್ನು ಎರಡು ಗ್ರಾಂ ಭಾರಕ್ಕೆ ಇಟ್ಟಿದ್ದೇನೆ. ಸ್ಪೀಕರ್ ಹಳೆಯ ಸೋನೋಡೈನ್. ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರ ಮನೆಯಲ್ಲೂ ಇಷ್ಟೋ ಇದಕ್ಕಿಂತ ಒಂದು ಕೈ ಮೇಲೋ ಇರುತ್ತದೆ.

ಮೊದಲ ಹಣ ಹೋಗಿದ್ದು ಆಂಪ್ಲಿಫೈಯರಿಗೆ. ತಬಲಾದ ಎಡಗೈ ವಾದ್ಯ ಡಗ್ಗಾ ಗುಂಯ್‌ಗುಡುತ್ತಿದೆ ಎಂದರೆ ಅಂಗಡಿಯವರು ಕೋಣೆ ಎಷ್ಟು ದೊಡ್ಡದು ಎಂದು ಕೇಳುವುದಿಲ್ಲ, ಜೇಬು ಎಷ್ಟು ದೊಡ್ಡದು ಎಂದು ನೋಡುತ್ತಾರೆ. ಮೂವತ್ತೈದು ಸಾವಿರದ ಹೊಸ ಪೆಟ್ಟಿಗೆ ಬಂತು. ಡಗ್ಗಾ ಇನ್ನೂ ಚೆನ್ನಾಗಿ ಗುಂಯ್‌ಗುಟ್ಟಿತು. ಅದನ್ನು ಮಾರುವಾಗ ಹತ್ತು ಹನ್ನೆರಡು ಸಾವಿರ ಕೈ ಬಿಟ್ಟಿತು.

ಆಮೇಲೆ ಮೊಟ್ಟೆಯ ಟ್ರೇಗಳು. ಇದನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಊರೂರಿಗೆ ಹಬ್ಬಿದೆ. ಒಂದಿಡೀ ಗೋಡೆಗೆ ಅಂಟಿಸಿದೆ. ಕೋಣೆ ಕೋಳಿಫಾರಂ ಆಯಿತೇ ಹೊರತು ಧ್ವನಿ ಕದಲಲಿಲ್ಲ. ನಂತರ ಒಂದಿಂಚಿನ ಸ್ಪಂಜಿನ ಹಾಳೆ, ಆರೇಳು ಸಾವಿರ ರೂಪಾಯಿ. ಇದರಿಂದ ಆಗಿದ್ದು ಇನ್ನೂ ವಿಚಿತ್ರ: ಮೇಲಿನ ಸ್ವರಗಳನ್ನು ಮಾತ್ರ ಅದು ನುಂಗಿತು. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಮಂಕಾಯಿತು, ಕೆಳಗಿನ ಗದ್ದಲ ಹಾಗೆಯೇ ಉಳಿಯಿತು. ಮೇ ತಿಂಗಳಲ್ಲಿ ನಮ್ಮಲ್ಲಿ 43, 44 ಡಿಗ್ರಿ ಬಿಸಿಲು ಬಿದ್ದಾಗ ಅಂಟು ಸಡಿಲಗೊಂಡು ಹಾಳೆಗಳು ಒಂದೊಂದಾಗಿ ಉದುರಿದವು. ಕೀಳುವ ಕೆಲಸವಾದರೂ ಉಳಿಯಿತು.

ಧ್ವನಿ ಹೀರುವ ರಾಕ್‌ವೂಲ್ ಹಲಗೆಗಳನ್ನು ಹಾಕಿಸಲು ಹೈದರಾಬಾದಿನಲ್ಲಿ ಕೇಳಿದರೆ ಸಾಗಣೆ ಸೇರಿ ಅರವತ್ತು ಸಾವಿರದ ಆಜುಬಾಜು ಹೇಳಿದರು. ಆಗ ತಲೆಯಲ್ಲಿ ಬಂದ ಪ್ರಶ್ನೆ ಇಷ್ಟೇ: ಹತ್ತಿ ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಕಲ್ಲಿನ ನಾರನ್ನು ಯಾಕೆ ಕೊಳ್ಳಬೇಕು? ದಪ್ಪವಾಗಿ ತುಂಬಿದ ಹತ್ತಿಯೂ ಧ್ವನಿಯನ್ನು ಕುಡಿಯುತ್ತದೆ. ಸೊಲ್ಲಾಪುರದ ಗೆಳೆಯ ಫೋನಿನಲ್ಲೇ ನಕ್ಕ. "ಗಾದಿ ಹಾಸಿಕೊಂಡು ಮಲಗುತ್ತಾರೆ, ಗೋಡೆಗೆ ತೂಗುಹಾಕುವುದಿಲ್ಲ" ಎಂದ.

ಹತ್ತಿ ತುಂಬಿ ಗೋಡೆಗೆ ಹಾಕುವ ಚೌಕಟ್ಟು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕಿಂಚು ಆಳ. ಅಗ್ಗದ ಕಟ್ಟಿಗೆ ಸಾಕು, ಬಡಗಿಗೆ ಚಂದ ಮಾಡು ಎಂದು ಹೇಳಬೇಡಿ, ಕೂಲಿ ಏರುತ್ತದೆ. ಒಳಗೆ ಹಿಂಜಿದ ಹತ್ತಿ, ಒಂದು ಚೌಕಟ್ಟಿಗೆ ಮೂರು ಕಿಲೋ ಹತ್ತಿರ. ಎರಡು ಕಿಲೋ ಹಾಕಿದರೆ ಸಡಿಲ, ಐದು ತುರುಕಿದರೆ ಧ್ವನಿ ಒಳಗೆ ಹೋಗದೆ ಮುಖದ ಮೇಲಿಂದಲೇ ಮರಳುತ್ತದೆ. ಮುಂದೆ ಬಟ್ಟೆ ಕಟ್ಟುವ ಮೊದಲು ಅದನ್ನು ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಸರಾಗವಾಗಿ ಆಚೆ ಹೋದರೆ ಧ್ವನಿಯೂ ಹೋಗುತ್ತದೆ. ಹಳೆಯ ನೂಲಿನ ಧೋತರ ಬಹಳ ಒಳ್ಳೆಯದು. ರೇಷ್ಮೆ ಬೆರೆತ ಇಳಕಲ್ ಸೀರೆಗಳು ನೋಡಲು ಬಹು ಸೊಗಸು, ಆದರೆ ನೇಯ್ಗೆ ಬಿಗಿ. ಮನೆಯವಳ ಒತ್ತಾಯಕ್ಕೆ ಹಿಂದಿನ ಗೋಡೆಗೆ ಒಂದೇ ಒಂದು ಹಾಕಿದ್ದೇನೆ.

ಒಂದು ಕಾಲದಲ್ಲಿ ದುಡ್ಡು ಉಳಿಸಲು ಶೇಂಗಾ ಹೊಟ್ಟು ತುಂಬಿದ ಗೋಣಿಚೀಲವನ್ನೂ ಮೂಲೆಯಲ್ಲಿ ನಿಲ್ಲಿಸಿ ನೋಡಿದ್ದೆ. ಧ್ವನಿಗೆ ಅದು ಕೆಟ್ಟದ್ದೇನೂ ಅಲ್ಲ. ಇಲಿಗಳಿಗೆ ಅದಕ್ಕಿಂತ ಒಳ್ಳೆಯದು. ಆ ಪ್ರಯೋಗ ಒಂದು ಮಳೆಗಾಲ ದಾಟಲಿಲ್ಲ.

ಮೊದಲ ಸರತಿಯ ಹತ್ತಿ ಚೌಕಟ್ಟುಗಳು ಹಾಕಿದ ದಿನ ಕೋಣೆ ಬೇರೆಯೇ ಆಯಿತು. ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಹಳೆಯ ಗದ್ದಲ ಇಣುಕತೊಡಗಿತು. ಬಿಚ್ಚಿ ನೋಡಿದರೆ ಹತ್ತಿ ತನ್ನ ಭಾರಕ್ಕೆ ತಾನೇ ಕುಸಿದು ಕೆಳಗಿನ ಅರ್ಧದಲ್ಲಿ ಗಟ್ಟಿಯಾಗಿ ಕುಳಿತಿದೆ, ಮೇಲಿನ ಅರ್ಧ ಖಾಲಿ. ಮಲಗಿಸಿದ ಗಾದಿಗೆ ಈ ಕಾಯಿಲೆ ಇಲ್ಲ, ನಿಲ್ಲಿಸಿದ್ದಕ್ಕೆ ಬಂದಿದೆ. ನಡುವೆ ತಂತಿಯ ಜಾಳಿಗೆ ಕಟ್ಟಿದೆ, ಡಗ್ಗಾದ ಪೆಟ್ಟಿಗೆ ತಂತಿಯೇ ಝಿಲ್ ಎನ್ನತೊಡಗಿತು. ನಕ್ಕವರೆಲ್ಲ ಮತ್ತೊಮ್ಮೆ ನಕ್ಕರು.

ಉತ್ತರ ನಮ್ಮ ಓಣಿಯಲ್ಲೇ ಇತ್ತು. ಕೌದಿ ಹೊಲಿಯುವ ಒಬ್ಬ ಅಜ್ಜಿ ಇದ್ದಾರೆ. ಹತ್ತಿಯ ಚೀಲವನ್ನು ದಬ್ಬಣದಿಂದ ಕೌದಿಯಂತೆ ಅಡ್ಡಡ್ಡ ಹೊಲಿದುಕೊಡಬೇಕು, ಗೋಡೆಗೆ ಹಾಕುತ್ತೇನೆ ಎಂದೆ. ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿ, "ಗೋಡೆಗೂ ಚಳಿ ಆಗುತ್ತದೆಯೇ ತಮ್ಮಾ?" ಎಂದರು. ಆದರೂ ಹೊಲಿದರು. ಅಡ್ಡ ಹೊಲಿಗೆ ಬಿದ್ದ ಕಡೆಯೆಲ್ಲ ಹತ್ತಿ ತನ್ನ ತನ್ನ ಪಟ್ಟಿಯಲ್ಲೇ ನಿಲ್ಲುತ್ತದೆ, ಕೆಳಗೆ ಇಳಿಯಲು ದಾರಿ ಇಲ್ಲ. ದಾರವನ್ನು ಬಿಗಿಯಾಗಿ ಎಳೆಯಬಾರದು, ಎಳೆದರೆ ಹೊಲಿಗೆಯ ಸಾಲಿನಲ್ಲಿ ದಪ್ಪ ಹೋಗುತ್ತದೆ. ಹೊಲಿಗೆಯಿಂದ ಹೊಲಿಗೆಗೆ ಎಷ್ಟು ಅಂತರ ಎಂಬುದು ನನಗೂ ಅಜ್ಜಿಗೂ ಗೊತ್ತು. ಅದನ್ನು ಬರೆಯುವುದಿಲ್ಲ. ನೀವೂ ಸ್ವಲ್ಪ ಹತ್ತಿ ಹಾಳು ಮಾಡಿ.

ಹತ್ತಿಗೆ ಕಿಡಿ ತಾಕಿದರೆ ಕಥೆ ಮುಗಿಯಿತು ಎಂಬುದನ್ನು ಮರೆಯಬೇಡಿ. ತುಂಬುವ ಮೊದಲು ಬಿಳಿಗಾರದ ನೀರು ಸಿಂಪಡಿಸಿ, ನೆರಳಲ್ಲಿ ಪೂರ್ತಿ ಒಣಗಿಸಿದೆ. ಬೆಂಕಿ ಬೇಗ ಹಿಡಿಯುವುದಿಲ್ಲ, ಹುಳುವೂ ಬರುವುದಿಲ್ಲ. ಆಂಪ್ಲಿಫೈಯರ್, ವೈರಿನ ಗಂಟುಗಳು ಚೌಕಟ್ಟಿನ ಹತ್ತಿರ ಇರಬಾರದು.

ಗೋಡೆಗೂ ಚೌಕಟ್ಟಿಗೂ ನಡುವೆ ಮೂರು ನಾಲ್ಕು ಬೆರಳು ಜಾಗ ಬಿಟ್ಟೆ. ಮೂಲೆಗಳಿಗೆ ಮಾತ್ರ ಒಂದಡಿ ದಪ್ಪದವು, ಅಲ್ಲಿಯೇ ಕೆಳಗಿನ ಗದ್ದಲ ಸೇರುವುದು. ಹದಿನಾಲ್ಕು ಅಡಿ ಉದ್ದದ ಕೋಣೆ ತಾನೇ ಗುಂಯ್‌ಗುಡುವುದು ಸೆಕೆಂಡಿಗೆ 40 ಕಂಪನದ, ಅಂದರೆ 40 ಹರ್ಟ್ಸ್‌ನ, ಸ್ವರಕ್ಕೆ ಮತ್ತು ಅದರ ಇಮ್ಮಡಿ 80ಕ್ಕೆ. ನನ್ನ ಡಗ್ಗಾ ಮುಗ್ಗರಿಸುತ್ತಿದ್ದುದು ಆ 80ರ ಸುತ್ತಲೇ. ಒಬ್ಬ ಗೆಳೆಯನಿಂದ ಅಳತೆಯ ಮೈಕ್ ಎರವಲು ತಂದು ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದಾಗ, ಮೊದಲು ಒಂದೂವರೆ ಸೆಕೆಂಡ್ ಮೀರಿ ಉಳಿಯುತ್ತಿದ್ದ ಪ್ರತಿಧ್ವನಿ ಅರ್ಧ ಸೆಕೆಂಡಿನ ಹತ್ತಿರ ಇಳಿದಿತ್ತು. ಖರ್ಚು: ಹತ್ತಿ ಆರು ಸಾವಿರದ ಸುಮಾರು, ಕಟ್ಟಿಗೆ ಮತ್ತು ಬಡಗಿ ಐದಾರು, ಬಟ್ಟೆ ಎರಡು, ಅಜ್ಜಿಗೆ ನಾಲ್ಕು. ಇಪ್ಪತ್ತು ಸಾವಿರ ಮುಟ್ಟಲಿಲ್ಲ. ಹಳೆಯ ಗಾದಿಯ ಹತ್ತಿ ಇನ್ನೂ ಅಗ್ಗ, ಆದರೆ ಅದರ ದೂಳಿಗೆ ವಾರಗಟ್ಟಲೆ ಸೀನುತ್ತೀರಿ.

ಈಗ ಹಾಕುವ ರೆಕಾರ್ಡುಗಳ ಮಾತು. ಕೋಣೆ ಪರೀಕ್ಷಿಸಲು ನಾನು ಮೊದಲು ಹಾಕುವುದು 1967ರ 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ ಕಾಬ್ರಾ ಅವರ ಗಿಟಾರ್. ಸಂತೂರಿನ ಪ್ರತಿ ಪೆಟ್ಟಿಗೂ ತನ್ನದೇ ಬಾಲ ಇರುತ್ತದೆ. ಕಲ್ಲಿನ ಕೋಣೆ ಅದಕ್ಕೆ ತನ್ನ ಬಾಲವನ್ನೂ ಅಂಟಿಸುತ್ತಿತ್ತು, ಸ್ವರಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತಿದ್ದವು. ಈಗ ಪೆಟ್ಟುಗಳನ್ನು ಎಣಿಸಬಹುದು. ಎರಡನೆಯದು ಗಾಯಕಿ ಕಿಶೋರಿ ಅಮೋಣಕರ್ ಅವರ ಭೂಪ್ ರಾಗ. ಅವರ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಪೂರ್ತಿ ಕೇಳಬೇಕು, ಆರಂಭ ಮತ್ತು ಕೊನೆ ಮಾತ್ರ ಕೇಳಿದರೆ ಕೋಣೆ ಇನ್ನೂ ಮೋಸ ಮಾಡುತ್ತಿದೆ ಎಂದರ್ಥ.

ಮಲ್ಲಿಕಾರ್ಜುನ ಮನ್ಸೂರರು ಬೇರೆ ರೀತಿಯ ಪರೀಕ್ಷೆ. ಉಸಿರು ಎಳೆದುಕೊಳ್ಳುವುದಕ್ಕೂ ಪುರಸೊತ್ತಿಲ್ಲದಂತೆ ತಾಳದ ಒಂದು ಆವರ್ತನದ ತುದಿಯಿಂದ ಮುಂದಿನದಕ್ಕೆ ಹಾಯುವ ಅವರ ಗಾಯನದಲ್ಲಿ ಬಂದೀಶಿನ, ಅಂದರೆ ಹಾಡಿನ ಸಾಹಿತ್ಯದ, ಶಬ್ದಗಳು ನನಗೆ ಎಂದೂ ಬಿಡಿಸಿ ಕೇಳಿಸಿರಲಿಲ್ಲ. ಅದು ಅವರ ಶೈಲಿ ಎಂದೇ ತಿಳಿದಿದ್ದೆ, ಗೋಡೆಯ ಕಿತಾಪತಿ ಎಂದು ಈಗ ಗೊತ್ತಾಯಿತು. ವಚನ ಹಾಡಿದಾಗಲಂತೂ, ಅಕ್ಕನ ಮಾತು ಕನ್ನಡದಲ್ಲೇ ಇದ್ದೂ ಅರ್ಧ ಊಹೆಯಲ್ಲಿ ಕೇಳುತ್ತಿದ್ದವರು ನಾವು. ಸಿದ್ಧರಾಮ ಜಂಬಲದಿನ್ನಿಯವರ ವಚನಗಳ ಒಂದು ಕ್ಯಾಸೆಟ್ ನಮ್ಮಲ್ಲಿದೆ, ತಂದೆಯವರು ಆಕಾಶವಾಣಿಯಿಂದ ತುಂಬಿಸಿಕೊಂಡಿದ್ದು. ಹಿಸ್ ಎನ್ನುವ ಸದ್ದು ತುಂಬ ಇದೆ. ಆದರೂ ಭಾನುವಾರ ಬರುವವರು ಮೊದಲು ಕೇಳುವುದು ಅದನ್ನೇ, ನನ್ನ ದುಬಾರಿ ರೆಕಾರ್ಡುಗಳನ್ನಲ್ಲ.

ಒಮ್ಮೆ ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಹಾಕಿದ್ದೆ, ನನ್ನದು ಹಳೆಯ ಅಚ್ಚು. ಹಾರ್ಮೋನಿಯಂ ನುಡಿಸುವ ಗೆಳೆಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಮೊದಲ ಬದಿಗೆ ಸ್ವರ ಕೂಡಿಸಲು ಹೋಗಿ, "ನಿನ್ನ ಯಂತ್ರ ಜೋರಾಗಿ ತಿರುಗುತ್ತಿದೆ" ಎಂದು ತೀರ್ಪು ಕೊಟ್ಟ. ಎರಡನೆಯ ಬದಿಗೆ ತಿರುಗಿಸಿದೆ. ಅದೇ ಹಾರ್ಮೋನಿಯಂ ಸರಿಯಾಗಿ ಕೂಡಿತು. 1959ರಲ್ಲಿ ಆ ಮೊದಲ ಬದಿ ಮುದ್ರಿಸಿದ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು, ಹಾಗಾಗಿ ರೆಕಾರ್ಡಿನಲ್ಲಿ ಸ್ವರ ತುಸು ಏರಿದೆ. ಅದನ್ನು ಸರಿಪಡಿಸಿ ಬಿಟ್ಟಿದ್ದು 1992ರಲ್ಲಿ. ಅಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಬೀಳುವ ಕೋಣೆ ಕಲಬುರಗಿಯಲ್ಲಿ ಇನ್ನೊಂದು ಇದ್ದರೆ ತೋರಿಸಿ.

ವೇಗ ನೋಡುವ ಗೆರೆಯ ಚಕ್ರ ಇಟ್ಟುಕೊಂಡವರಿಗೆ ಒಂದು ಮಾತು: ನಮ್ಮ 50 ಹರ್ಟ್ಸ್ ಕರೆಂಟಿಗೆ ಎಲ್‌ಪಿ ವೇಗದಲ್ಲಿ 180 ಗೆರೆ ಇರುವುದನ್ನೇ ಆರಿಸಿ, ಮತ್ತು ಹಳೆಯ ಗಾಜಿನ ಬಲ್ಬಿನ ಕೆಳಗೆ ನೋಡಿ. ಒಳ್ಳೆಯ ಎಲ್‌ಇಡಿ ಮಿನುಗುವುದಿಲ್ಲ, ವೇಗ ಸರಿಯಿದ್ದರೂ ಗೆರೆ ನಿಂತಂತೆ ಕಾಣುವುದಿಲ್ಲ.

ಟರ್ನ್‌ಟೇಬಲ್ ಕೆಳಗೆ ಎರಡಿಂಚಿನ ಫರಸಿ ಇದೆ. ಅದರ ಕೆಳಗೆ ಗಾಳಿ ತುಂಬಿದ ಸೈಕಲ್ ಟ್ಯೂಬ್ ಇಟ್ಟು ನೋಡಿದೆ. ಧ್ವನಿ ಚೆನ್ನಾಗಿತ್ತು, ಆದರೆ ಗಾಳಿ ಇಳಿದಂತೆ ಯಂತ್ರ ವಾಲುತ್ತಿತ್ತು, ದಿನಾ ಪಂಪು ಹೊಡೆಯಲು ನನಗೆ ವೇಳೆ ಇಲ್ಲ. ನೆಲವೇ ಕಲ್ಲಿನದಾದ್ದರಿಂದ ಮಕ್ಕಳು ಕುಣಿದರೂ ಮುಳ್ಳು ಹಾರುವುದಿಲ್ಲ. ಕಲ್ಲನ್ನು ಬೈದವರು ಇದನ್ನೂ ಬರೆದಿಟ್ಟುಕೊಳ್ಳಲಿ.

ಬಿಸಿಲಿಗೆ ಸೊಟ್ಟಗಾದ ಎಲ್‌ಪಿಗಳನ್ನು ನಯ ಮಾಡಿದ ಎರಡು ಫರಸಿಗಳ ನಡುವೆ ಇಟ್ಟು, ಮಾಳಿಗೆಯ ಬಿಸಿಲಿಗೇ ಕಾಯಿಸಿ ನೇರ ಮಾಡುತ್ತೇನೆ. ನಡು ಮಧ್ಯಾಹ್ನದ ಬಿಸಿಲಿಗೆ ಇಟ್ಟ ಒಂದರ ಧ್ವನಿಯ ಗೀರುಗಳೇ ಮೆತ್ತಗಾಗಿ ಹೋದವು, ಈಗ ಅದು ಬರೀ ಸೀಟಿ ಹೊಡೆಯುತ್ತದೆ. ಬೆಳಗಿನ ಬಿಸಿಲು ಸಾಕು, ರಾತ್ರಿಯೆಲ್ಲ ಕಲ್ಲಿನ ನಡುವೆಯೇ ತಣಿಯಲು ಬಿಡಬೇಕು. ಎಷ್ಟು ಹೊತ್ತು, ರೆಕಾರ್ಡಿಗೂ ಕಲ್ಲಿಗೂ ನಡುವೆ ಏನು ಇಡಬೇಕು ಎಂಬುದು ಮನೆಗೆ ಬಂದವರಿಗೆ. ಅರಗಿನ 78ರ (ನಿಮಿಷಕ್ಕೆ 78 ಸುತ್ತಿನ) ತಟ್ಟೆಗಳನ್ನು ಮಾತ್ರ ಯಾರೂ ಹೀಗೆ ಇಡಬೇಡಿ.

ಸೊಲ್ಲಾಪುರದ ಗೆಳೆಯ ಕಳೆದ ತಿಂಗಳು ಬಂದು ಭೂಪ್ ಪೂರ್ತಿ ಕೇಳಿದ, ಎದ್ದು ಚೌಕಟ್ಟನ್ನು ಬೆರಳಿನಿಂದ ಒತ್ತಿ ನೋಡಿದ, ಹೊಲಿಗೆಯ ಅಂತರ ಎಷ್ಟು ಎಂದು ಕೇಳಿದ. ಅವನ ಬಳಿ ಗಾಯಕ ಅಬ್ದುಲ್ ಕರೀಂ ಖಾನರ 78ರ ತಟ್ಟೆ ಒಂದಿದೆ, ಅದನ್ನು ಕೊಟ್ಟರೆ ಹೇಳುತ್ತೇನೆ ಎಂದಿದ್ದೇನೆ. ಇನ್ನೂ ಯೋಚಿಸುತ್ತಿದ್ದಾನೆ.